ಟೈಪ್ ಒನ್ ಶುಗರ್: ಡಾಕ್ಟರಿಗೆ ಹತ್ತು ನಿಮಿಷ, ನಿಮಗೆ ಇಡೀ ದಿನ!

‘ಸಿಹಿ ತಿನ್ನಬೇಡಿ, ಇಂಜೆಕ್ಷನ್ ತಪ್ಪಿಸಬೇಡಿ, ಮೂರು ತಿಂಗಳು ಬಿಟ್ಟು ಬನ್ನಿ.’

ನಿಮ್ಮ ಮಗಳಿಗೋ, ಮಗನಿಗೋ ಅಥವಾ ನಿಮಗೇ ಟೈಪ್ ಒನ್ ಡಯಾಬಿಟಿಸ್ ಇದ್ದರೆ ಈ ಮೂರು ಮಾತು ನಿಮಗೆ ಬಾಯಿಪಾಠ ಆಗಿರುತ್ತದೆ. ಬೆಳಿಗ್ಗೆ ಎದ್ದು, ಅಡುಗೆ ಮುಗಿಸಿ, ಬಸ್ಸೋ ರೈಲೋ ಹಿಡಿದು, ಎರಡು ತಾಸು ಪಾಳಿ ಕಾದು ಒಳಗೆ ಹೋದರೆ ಸಿಗುವುದು ಇಷ್ಟೇ. ಮನಸ್ಸಿನಲ್ಲಿ ಹತ್ತು ಪ್ರಶ್ನೆ ಇಟ್ಟುಕೊಂಡು ಹೋದವರು ಹತ್ತನ್ನೂ ಹಾಗೇ ಹೊತ್ತುಕೊಂಡು ಮನೆಗೆ ಬರುತ್ತೀರಿ. ಹೌದಲ್ಲವೇ?

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ನಾಲ್ಕು ಸಲ, ಒಂದೊಂದು ಸಲಕ್ಕೆ ಹತ್ತು ನಿಮಿಷ ಅಂದರೆ ಡಾಕ್ಟರ ಎದುರು ನೀವು ಕೂರುವುದು ಒಟ್ಟು 40 ನಿಮಿಷ. ವರ್ಷಕ್ಕೆ ಇರುವ ತಾಸು 8,760. ಉಳಿದಷ್ಟೂ ಹೊತ್ತು ಶುಗರ್ ನೋಡಿಕೊಳ್ಳುವವರು ಯಾರು? ನೀವೇ! ಊಟಕ್ಕೆ ಎಷ್ಟು ರೊಟ್ಟಿ, ಅದಕ್ಕೆ ಎಷ್ಟು ಯೂನಿಟ್, ರಾತ್ರಿ ಎರಡಕ್ಕೆ ಮಗು ಬೆವರಿದರೆ ಏನು ಮಾಡಬೇಕು... ಇವೆಲ್ಲಾ ಅಡುಗೆಮನೆಯಲ್ಲಿ, ಹಾಸಿಗೆಯ ಪಕ್ಕದಲ್ಲಿ ಆಗುವ ತೀರ್ಮಾನಗಳು. ಅದಕ್ಕೇ ಈ ಕಾಯಿಲೆಯನ್ನು ನಾವೇ ಕಲಿಯಬೇಕು. ಡಾಕ್ಟರನ್ನು ಬಿಟ್ಟು ಅಲ್ಲ, ಡಾಕ್ಟರಿಂದ ನಮಗೆ ಬೇಕಾದ್ದನ್ನು ಕೇಳಿ ಪಡೆದುಕೊಳ್ಳುವಷ್ಟು.

ಇದನ್ನು ಹೇಳಲು ಇವಳ್ಯಾರು ಅಂತ ಕೇಳಬಹುದು. ನಾನು ಕೃಷ್ಣಾ ತೀರದ ಕುಡಚಿಯ ಗೃಹಿಣಿ. ಹದಿನಾಲ್ಕನೇ ವಯಸ್ಸಿನಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ. ಸುತ್ತಮುತ್ತ ಕಬ್ಬು, ಬೆಲ್ಲ, ಸಕ್ಕರೆ ಫ್ಯಾಕ್ಟರಿ. ನಡುವೆ ನಮ್ಮ ಈ ಶುಗರ್!

ಎರಡೂ ಶುಗರ್ ಒಂದೇ ಅಲ್ಲ

ಮೊದಲು ಒಂದು ವಿಷಯ ಸ್ಪಷ್ಟ ಆಗಲಿ. ಮಾವನವರಿಗೆ ಐವತ್ತು ದಾಟಿದ ಮೇಲೆ ಬಂತಲ್ಲ, ಅದು ಸಾಮಾನ್ಯವಾಗಿ ಟೈಪ್ ಟೂ. ಅವರ ದೇಹದಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಸಾಲುವುದಿಲ್ಲ ಅಥವಾ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಾತ್ರೆ, ಪಥ್ಯ, ವಾಕಿಂಗ್‌ನಿಂದ ಬಹಳಷ್ಟು ಹತೋಟಿಗೆ ಬರುತ್ತದೆ. ಟೈಪ್ ಒನ್ ಹಾಗಲ್ಲ. ದೇಹದ ರೋಗನಿರೋಧಕ ಶಕ್ತಿಯೇ ತಪ್ಪಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಇನ್ಸುಲಿನ್ ಹುಟ್ಟುವುದೇ ನಿಂತುಹೋಗುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಕಾಣಿಸುತ್ತದೆ. ಮಗು ಚಾಕೊಲೇಟ್ ತಿಂದದ್ದಕ್ಕೆ ಬಂತು, ಬಸುರಿದ್ದಾಗ ತಾಯಿ ಪೇಡೆ ತಿಂದದ್ದಕ್ಕೆ ಬಂತು ಅನ್ನುವುದೆಲ್ಲ ಸುಳ್ಳು. ಯಾರ ತಪ್ಪೂ ಇದರಲ್ಲಿಲ್ಲ.

ಇನ್ಸುಲಿನ್ ಬರುವ ಮುಂಚೆ ಈ ಕಾಯಿಲೆಯ ಮಕ್ಕಳು ಕೆಲವು ತಿಂಗಳು, ಬಹಳ ಅಂದರೆ ಒಂದೆರಡು ವರ್ಷ ಬದುಕುತ್ತಿದ್ದರು. ಕೆನಡಾದ ಟೊರೊಂಟೊದಲ್ಲಿ 1922ರ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಇಂಜೆಕ್ಷನ್ ಕೊಟ್ಟರು. ಅದನ್ನು ಕಂಡುಹಿಡಿದವರಲ್ಲಿ ಮುಖ್ಯರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ ನವೆಂಬರ್ 14. ಅದೇ ವಿಶ್ವ ಮಧುಮೇಹ ದಿನ. ನಮ್ಮಲ್ಲಿ ಅಂದೇ ಮಕ್ಕಳ ದಿನಾಚರಣೆ! ಈ ಮಕ್ಕಳ ಪಾಲಿಗೆ ಎರಡೂ ಒಂದೇ ದಿನ ಬಂದಿರುವುದು ಎಷ್ಟು ಸರಿಯಾಗಿದೆ ನೋಡಿ.

ಹಾಗಾದರೆ ಕ್ಲಿನಿಕ್ಕಿನಲ್ಲಿ ನಮಗೆ ಸರಿಯಾದ ಉತ್ತರ ಯಾಕೆ ಸಿಗುವುದಿಲ್ಲ? ಡಾಕ್ಟರು ಕೆಟ್ಟವರು ಅಂತಲ್ಲ. ಕರ್ನಾಟಕದ ಟೈಪ್ ಒನ್ ನೋಂದಣಿಯಲ್ಲಿ ಹದಿಮೂರು ವರ್ಷ ಕಲೆಹಾಕಿದ ಮಾಹಿತಿಯ ಪ್ರಕಾರ ವರ್ಷಕ್ಕೆ ಲಕ್ಷ ಹುಡುಗರಲ್ಲಿ 3.7, ಲಕ್ಷ ಹುಡುಗಿಯರಲ್ಲಿ 4 ಹೊಸ ಕೇಸು ಮಾತ್ರ. ಸಣ್ಣ ಊರಿನ ಡಾಕ್ಟರಿಗೆ ದಿನಕ್ಕೆ ಹತ್ತಾರು ಟೈಪ್ ಟೂ ಪೇಶಂಟು ಬರುತ್ತಾರೆ. ನಮ್ಮಂಥವರು ಅಪರೂಪ. ಹೀಗಾಗಿ ಅವರ ಬಾಯಲ್ಲಿ ಬರುವ ಸಲಹೆಯೂ ಮಾವನವರ ಕಾಯಿಲೆಗೆ ಹೊಂದುವಂಥದ್ದೇ. ‘ಸಿಹಿ ಬಿಡು, ತೂಕ ಇಳಿಸು’ ಅಂತ ಈಗಾಗಲೇ ಸೊರಗಿ ಕಡ್ಡಿಯಾದ ಹುಡುಗಿಗೂ ಹೇಳಿಬಿಡುತ್ತಾರೆ!

ಪೇಶಂಟೇ ಡಾಕ್ಟರಾದ ಕಥೆ

ಇದು ನಮ್ಮ ದೇಶದ ಗೋಳು ಮಾತ್ರ ಅಲ್ಲ. ಅಮೆರಿಕದ ರಿಚರ್ಡ್ ಬರ್ನ್‌ಸ್ಟೀನ್ ಅವರ ಕಥೆ ಕೇಳಿ. 1946ರಲ್ಲಿ ಅವರಿಗೆ ಟೈಪ್ ಒನ್ ಬಂದಾಗ ವಯಸ್ಸು 12. ಡಾಕ್ಟರು ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಮಾಡಿದರೂ ಮೂವತ್ತರ ಹೊತ್ತಿಗೆ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ವೃತ್ತಿಯಲ್ಲಿ ಎಂಜಿನಿಯರ್. 1969ರಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಒಂದು ಹನಿ ರಕ್ತದಲ್ಲಿ ಶುಗರ್ ಅಳೆಯುವ ಯಂತ್ರ! ಆದರೆ ಅದನ್ನು ಪೇಶಂಟುಗಳಿಗೆ ಮಾರುತ್ತಿರಲಿಲ್ಲ. ಅವರ ಹೆಂಡತಿ ಡಾಕ್ಟರ್. ಆಕೆಯ ಹೆಸರಿನಲ್ಲಿ ಯಂತ್ರ ತರಿಸಿಕೊಂಡರು. ಬೆಲೆ 650 ಡಾಲರ್, ತೂಕ ಒಂದು ಕಿಲೋಗಿಂತ ಹೆಚ್ಚು.

ದಿನಕ್ಕೆ ಐದಾರು ಸಲ ತಾವೇ ಅಳೆದು, ಬರೆದಿಟ್ಟು, ಯಾವ ಊಟಕ್ಕೆ ಶುಗರ್ ಎಷ್ಟು ಏರುತ್ತದೆ, ಎಷ್ಟು ಇನ್ಸುಲಿನ್‌ಗೆ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಿದರು. ಆರೋಗ್ಯ ಸುಧಾರಿಸಿತು. ಇದನ್ನು ಲೇಖನವಾಗಿ ಬರೆದು ವೈದ್ಯಕೀಯ ಪತ್ರಿಕೆಗಳಿಗೆ ಕಳಿಸಿದರೆ ತಿರಸ್ಕಾರ. ಎಂಜಿನಿಯರ್ ಮಾತನ್ನು ಯಾರು ಕೇಳುತ್ತಾರೆ? ಆ ಪುಣ್ಯಾತ್ಮ ಬಿಡಲಿಲ್ಲ. 45ನೇ ವಯಸ್ಸಿನಲ್ಲಿ ಮೆಡಿಕಲ್ ಕಾಲೇಜು ಸೇರಿ ತಾವೇ ಡಾಕ್ಟರಾದರು! ಮನೆಯಲ್ಲೇ ಅಳೆಯುವ ದಾರಿ ತೋರಿದ ಅವರು 2025ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹೇಳುವ ಅತಿ ಕಡಿಮೆ ಪಿಷ್ಟದ ಊಟವನ್ನು ಎಲ್ಲ ತಜ್ಞರೂ ಒಪ್ಪುವುದಿಲ್ಲ, ಬೆಳೆಯುವ ಮಕ್ಕಳಿಗಂತೂ ಅದನ್ನು ನೀವಾಗಿಯೇ ಶುರು ಮಾಡಬೇಡಿ. ಆದರೆ ‘ಅಳೆದು ನೋಡು, ಬರೆದಿಡು, ಕಲಿ’ ಎಂಬ ಅವರ ದಾರಿ ಈಗ ಎಲ್ಲರ ದಾರಿ.

ಇದರಿಂದ ಲಾಭ ಇದೆಯಾ? ಇದೆ. ಅಮೆರಿಕ ಮತ್ತು ಕೆನಡಾದಲ್ಲಿ 1,441 ಟೈಪ್ ಒನ್ ಪೇಶಂಟುಗಳ ಮೇಲೆ ನಡೆದು 1993ರಲ್ಲಿ ಮುಗಿದ ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ ಹಲವು ಸಲ ಅಳೆದು ಇನ್ಸುಲಿನ್ ಹೊಂದಿಸಿಕೊಂಡವರಿಗೆ ಕಣ್ಣಿನ ತೊಂದರೆ ಬರುವ ಅಪಾಯ 76 ಶೇಕಡಾ ಕಡಿಮೆ ಆಯಿತು. ನರಗಳ ತೊಂದರೆ 60 ಶೇಕಡಾ ತಗ್ಗಿತು. ಜತೆಗೆ ಲೋ ಶುಗರ್ ಆಗುವುದು ಹೆಚ್ಚಾಯಿತು ಎಂಬುದೂ ನಿಜ. ಅದಕ್ಕೇ ಕಲಿಯುವಾಗ ಎರಡನ್ನೂ ಕಲಿಯಬೇಕು.

ಎರಡು ನೂರು ಪುಟದ ನೋಟ್‌ಬುಕ್

ಕಿರಾಣಿ ಲೆಕ್ಕ, ಹಾಲಿನ ಲೆಕ್ಕ ಬರೆಯುವ ನಮಗೆ ಇದೇನು ಹೊಸದಲ್ಲ. ಒಂದು ಉದ್ದನೆಯ ನೋಟ್‌ಬುಕ್ ತನ್ನಿ. ದಿನಕ್ಕೊಂದು ಸಾಲು. ನಾಷ್ಟಾ, ಮಧ್ಯಾಹ್ನದ ಊಟ, ರಾತ್ರಿ ಊಟ, ಮಲಗುವಾಗ ಎಂದು ಮನೆಗಳನ್ನು ಗೆರೆ ಹೊಡೆದುಕೊಳ್ಳಿ. ಪ್ರತಿ ಮನೆಯಲ್ಲೂ ಮೂರು ವಿಷಯ: ಊಟಕ್ಕೆ ಮುಂಚೆ ಶುಗರ್ ಎಷ್ಟು, ಏನು ತಿಂದಿರಿ, ಎಷ್ಟು ಯೂನಿಟ್ ಹಾಕಿದಿರಿ. ಕೊನೆಯಲ್ಲಿ ‘ವಿಶೇಷ’ ಎಂದೊಂದು ಮನೆ ಇರಲಿ. ಜ್ವರ, ಶಾಲೆಯ ಆಟ, ಮದುವೆ ಊಟ, ತಿಂಗಳ ಮುಟ್ಟು ಎಲ್ಲಾ ಅಲ್ಲಿ ಬರೆಯಿರಿ. ಮುಟ್ಟಿಗೆ ಎರಡು ಮೂರು ದಿನ ಮುಂಚೆ ಅನೇಕ ಹೆಣ್ಣುಮಕ್ಕಳಿಗೆ ಶುಗರ್ ಏರುತ್ತದೆ. ಇದನ್ನು ಡಾಕ್ಟರು ಕೇಳುವುದಿಲ್ಲ, ನಾವು ಹೇಳುವುದೂ ಇಲ್ಲ. ಮೂರು ತಿಂಗಳು ಬರೆದರೆ ಪುಸ್ತಕವೇ ಹೇಳುತ್ತದೆ!

ಒಂದು ದಿನದ ಅಂಕಿ ನೋಡಿ ಗಾಬರಿಯಾಗಬೇಡಿ. ಒಂದೇ ಹೊತ್ತಿಗೆ ಸತತ ಮೂರು ದಿನ ಹೆಚ್ಚು ಅಥವಾ ಕಡಿಮೆ ಬಂದರೆ ಅದಕ್ಕೊಂದು ಕಾರಣ ಇದೆ ಎಂದು ತಿಳಿಯಿರಿ. ಸಾಮಾನ್ಯವಾಗಿ 70ರಿಂದ 180ರ ಒಳಗೆ ಹೆಚ್ಚು ಹೊತ್ತು ಇದ್ದರೆ ಒಳ್ಳೆಯದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎಒನ್‌ಸಿ ಬಹಳಷ್ಟು ಜನರಿಗೆ 7ಕ್ಕಿಂತ ಕಡಿಮೆ ಇರಬೇಕು. ನಿಮ್ಮ ಮಗುವಿಗೆ ಯಾವ ಅಂಕಿ ಸರಿ ಎಂದು ಡಾಕ್ಟರಿಂದ ಬರೆಸಿಕೊಳ್ಳಿ. ಕೈಯಲ್ಲಿ ದುಡ್ಡಿದ್ದರೆ ತೋಳಿಗೆ ಅಂಟಿಸುವ ಸೆನ್ಸರ್ ಕೂಡ ಇದೆ, ಬೆರಳು ಚುಚ್ಚದೆ ಎರಡು ವಾರ ಹಗಲುರಾತ್ರಿ ಶುಗರ್ ತೋರಿಸುತ್ತದೆ. ಪ್ರತಿ ತಿಂಗಳೂ ಆಗದಿದ್ದರೆ, ಡಾಕ್ಟರ ಭೇಟಿಗೆ ಮುಂಚೆ ಒಂದು ಸಲ ಹಾಕಿಸಿಕೊಂಡರೂ ರಾತ್ರಿಯ ಗುಟ್ಟು ರಟ್ಟಾಗುತ್ತದೆ.

ರೊಟ್ಟಿಯ ಲೆಕ್ಕ

‘ಜೋಳದ ರೊಟ್ಟಿ ಎಷ್ಟಾದರೂ ತಿನ್ನಿ, ಶುಗರ್‌ಗೆ ಒಳ್ಳೇದು’ ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ರೊಟ್ಟಿ ಒಳ್ಳೆಯದೇ, ನಿಧಾನ ಕರಗುತ್ತದೆ. ಆದರೆ ಅದರಲ್ಲೂ ಪಿಷ್ಟ ಇದೆ. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 34 ಗ್ರಾಂ ಕಾರ್ಬೋಹೈಡ್ರೇಟ್. ನೂರು ಗ್ರಾಂ ಅನ್ನದಲ್ಲಿ ಸುಮಾರು 28. ಮೂವತ್ತು ಗ್ರಾಂ ಹಿಟ್ಟಿನ ಚಪಾತಿಯಲ್ಲಿ ಸುಮಾರು 20. ನೂರು ಎಂಎಲ್ ಹಾಲಿಗೆ ಎರಡು ಚಮಚ ಸಕ್ಕರೆ ಹಾಕಿದ ಚಹಾದಲ್ಲಿ ಸುಮಾರು 15. ಬೆಲ್ಲ ಹಾಕಿದರೆ ಶುಗರ್ ಏರುವುದಿಲ್ಲ ಅಂದುಕೊಂಡವರಿಗೆ ಒಂದು ಮಾತು: ಇನ್ಸುಲಿನ್ ಲೆಕ್ಕಕ್ಕೆ ಬೆಲ್ಲವೂ ಸಕ್ಕರೆಯೇ!

ಟೈಪ್ ಒನ್ ಇರುವವರ ಊಟದ ಗುಟ್ಟು ಇಲ್ಲಿದೆ. ಏನು ತಿನ್ನಬಾರದು ಅನ್ನುವುದಕ್ಕಿಂತ, ತಿಂದದ್ದಕ್ಕೆ ಎಷ್ಟು ಇನ್ಸುಲಿನ್ ಬೇಕು ಅನ್ನುವುದು ಮುಖ್ಯ. ‘ಒಂದು ಯೂನಿಟ್ ಇನ್ಸುಲಿನ್ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್‌ಗೆ ಸಾಕು? ಒಂದು ಯೂನಿಟ್‌ಗೆ ಎಷ್ಟು ಶುಗರ್ ಇಳಿಯುತ್ತದೆ?’ ಈ ಎರಡು ಪ್ರಶ್ನೆ ಕೇಳಿ, ಉತ್ತರ ಬರೆಸಿಕೊಳ್ಳಿ. ಉದಾಹರಣೆಗೆ ಮಾತ್ರ ಹೇಳುತ್ತೇನೆ: ಡಾಕ್ಟರು ಹತ್ತು ಗ್ರಾಂಗೆ ಒಂದು ಯೂನಿಟ್ ಎಂದರೆ, ಎರಡು ಚಪಾತಿಯ 40 ಗ್ರಾಂಗೆ ನಾಲ್ಕು ಯೂನಿಟ್. ನಿಮ್ಮ ಅಳತೆ ಬೇರೆ ಇರುತ್ತದೆ, ಇದನ್ನೇ ಹಿಡಿಯಬೇಡಿ. ಊಟದ ಹೊತ್ತಿಗೆ ಬೇರೆ, ದಿನವಿಡೀ ಬೇರೆ ಎಂದು ಎರಡು ಬಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮಾತ್ರ ಈ ಲೆಕ್ಕ ಹೊಂದುತ್ತದೆ. ದಿನಕ್ಕೆ ಎರಡೇ ಸಲ ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತು, ಪ್ರಮಾಣ ಬದಲಿಸಬಾರದು. ‘ನಮಗೆ ನಾಲ್ಕು ಇಂಜೆಕ್ಷನ್ ಪದ್ಧತಿ ಆಗುತ್ತಾ?’ ಎಂದು ಡಾಕ್ಟರನ್ನು ಕೇಳಿ.

ಮನೆಯಲ್ಲಿ ಒಂದು ಸಣ್ಣ ಅಡುಗೆ ತಕ್ಕಡಿ ಇಟ್ಟುಕೊಳ್ಳಿ. ಒಂದು ವಾರ ಹಿಟ್ಟು ತೂಗಿ ರೊಟ್ಟಿ ಬಡಿಯಿರಿ. ಎಂಟನೇ ದಿನಕ್ಕೆ ಕೈಯೇ ತಕ್ಕಡಿ ಆಗುತ್ತದೆ. ನಾಗರ ಪಂಚಮಿಯ ಉಂಡಿ, ಹೋಳಿ ಹುಣ್ಣಿಮೆಯ ಹೋಳಿಗೆ, ಚಿಂಚಲಿ ಮಾಯಕ್ಕನ ಜಾತ್ರೆಯ ಬೆಂಡು ಬತ್ತಾಸು ಎದುರಿಗಿಟ್ಟು ಮಗುವಿಗೆ ಮಾತ್ರ ‘ನಿನಗ ಬ್ಯಾಡ’ ಎಂದರೆ ಅದು ಕದ್ದು ತಿನ್ನುತ್ತದೆ. ಕದ್ದು ತಿಂದದ್ದಕ್ಕೆ ಇನ್ಸುಲಿನ್ ಹಾಕುವವರು ಯಾರು? ಲೆಕ್ಕ ಹಾಕಿ ಒಂದು ಹೋಳಿಗೆ ಎಲ್ಲರ ಜತೆ ತಿನ್ನಲಿ ಬಿಡಿ.

ಸಿರಿಂಜು, ಸೀಸೆ, ಮಡಿಕೆ

ಡೋಸು ಸರಿ ಇದ್ದರೂ ಶುಗರ್ ಹತೋಟಿಗೆ ಬರದಿದ್ದರೆ ಇವನ್ನು ಒಮ್ಮೆ ನೋಡಿ.

* ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. ಪೆನ್ನಿನ ಇನ್ಸುಲಿನ್ ಹೆಚ್ಚಾಗಿ 100 ಯೂನಿಟ್‌ನದು. 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ ಎಳೆದರೆ ಡೋಸು ಎರಡೂವರೆ ಪಟ್ಟು ಆಗುತ್ತದೆ, ಜೀವಕ್ಕೇ ಅಪಾಯ. ಔಷಧ ಅಂಗಡಿಯಲ್ಲಿ ಕೊಟ್ಟದ್ದನ್ನು ಅಲ್ಲೇ ಓದಿ ನೋಡಿ ತನ್ನಿ.

* ಒಂದೇ ಜಾಗಕ್ಕೆ ಚುಚ್ಚಬೇಡಿ. ಅಲ್ಲಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಇಳಿಯುವುದಿಲ್ಲ. ಹೊಟ್ಟೆ, ತೊಡೆ ಎಂದು ಜಾಗ ಬದಲಿಸುತ್ತಾ ಇರಿ. ವಾರಕ್ಕೊಮ್ಮೆ ಬೆರಳಿಂದ ಮುಟ್ಟಿ ನೋಡಿ.

* ಹಳೆಯ ಬಗೆಯ ರೆಗ್ಯುಲರ್ ಇನ್ಸುಲಿನ್ ಊಟಕ್ಕೆ ಅರ್ಧ ತಾಸು ಮುಂಚೆ, ಹೊಸ ಬಗೆಯ ಶೀಘ್ರ ಇನ್ಸುಲಿನ್ ಸುಮಾರು ಹದಿನೈದು ನಿಮಿಷ ಮುಂಚೆ. ಬೆಳ್ಳಗೆ ಮಸುಕಾಗಿರುವ ಸೀಸೆಯನ್ನು ಅಂಗೈಯಲ್ಲಿ ಮೆಲ್ಲಗೆ ಉರುಳಿಸಿ, ಜೋರಾಗಿ ಅಲುಗಿಸಬೇಡಿ.

* ತೆರೆಯದ ಸೀಸೆ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಲಿ. ಫ್ರೀಜರಿನಲ್ಲಿ ಬೇಡ. ಹೆಪ್ಪುಗಟ್ಟಿದರೆ ಕೆಟ್ಟಂತೆ. ತೆರೆದದ್ದನ್ನು ಸುಮಾರು ನಾಲ್ಕು ವಾರದಲ್ಲಿ ಮುಗಿಸಿ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಕರೆಂಟು ಹೋದರೆ ಏನು ಮಾಡುವುದು? ಹೊಸ ಮಣ್ಣಿನ ಮಡಿಕೆಯಲ್ಲಿ ತೇವದ ಮರಳು ಹಾಕಿ, ಅದರೊಳಗೆ ಸಣ್ಣ ಡಬ್ಬಿಯಲ್ಲಿ ಸೀಸೆ ಇಟ್ಟು ನೆರಳಲ್ಲಿ ಇಡಿ. ಅಜ್ಜಿಯರ ನೀರಿನ ಮಡಿಕೆಯ ಉಪಾಯವೇ ಇದು. 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಬಿಸಿಯಲ್ಲಿ ನಾಲ್ಕು ವಾರ ಇಟ್ಟರೂ ಇನ್ಸುಲಿನ್ ಶಕ್ತಿ ಕುಂದುವುದಿಲ್ಲ ಎಂದು ಜಿನೀವಾ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂದಿದೆ. ಅಂದರೆ ಒಂದು ರಾತ್ರಿ ಕರೆಂಟು ಹೋದ ಮಾತ್ರಕ್ಕೆ ಸೀಸೆ ಎಸೆಯಬೇಕಿಲ್ಲ. ಆದರೆ ಬಿಸಿಲಲ್ಲಿ ನಿಂತ ಕಾರಿನಲ್ಲಿ, ಗ್ಯಾಸ್ ಒಲೆಯ ಪಕ್ಕದಲ್ಲಿ ಮಾತ್ರ ಇಡಬೇಡಿ.

ಇನ್ನೊಂದು ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬಂದಾಗ, 2020ರ ಲಾಕ್‌ಡೌನ್‌ನಲ್ಲಿ ಔಷಧಿಗೆ ಜನ ಪಟ್ಟ ಪಾಡು ಮರೆಯುವ ಹಾಗಿಲ್ಲ. ಯಾವಾಗಲೂ ಒಂದು ತಿಂಗಳಿಗಾಗುವಷ್ಟು ಇನ್ಸುಲಿನ್, ಸೂಜಿ, ಸ್ಟ್ರಿಪ್ ಹೆಚ್ಚಿಗೆ ಇರಲಿ. ಮಳೆಗಾಲ ಶುರುವಾಗುವ ಮುಂಚೆ ತಂದಿಟ್ಟುಬಿಡಿ.

ಲೋ ಆದರೆ ಸಕ್ಕರೆ, ವಾಂತಿಯಾದರೆ ಆಸ್ಪತ್ರೆ

ಶುಗರ್ 70ಕ್ಕಿಂತ ಇಳಿದರೆ ಕೈ ನಡುಗುವುದು, ಬೆವರು, ಹಸಿವು, ಸುಮ್ಮಸುಮ್ಮನೆ ಸಿಟ್ಟು. ಆಗ ಜೋಳದ ರೊಟ್ಟಿ, ಬಿಸ್ಕೀಟು ಹುಡುಕಬೇಡಿ. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ಅಂದರೆ 15 ಗ್ರಾಂ, ನೀರಲ್ಲಿ ಕಲಸಿ ಕುಡಿಸಿ. ಸಣ್ಣ ಮಕ್ಕಳಿಗೆ ಇದಕ್ಕಿಂತ ಕಡಿಮೆ ಸಾಕು. 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಪರ್ಸಿನಲ್ಲಿ, ಸ್ಕೂಲ್ ಬ್ಯಾಗಿನಲ್ಲಿ, ಗಂಡನ ಸ್ಕೂಟರ್ ಡಿಕ್ಕಿಯಲ್ಲಿ ಒಂದೊಂದು ಗ್ಲೂಕೋಸ್ ಪ್ಯಾಕೆಟ್ ಇರಲಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರಿಗೆ ಅಡ್ಡ ಬರುತ್ತದೆ. ಮಗ್ಗುಲಾಗಿ ಮಲಗಿಸಿ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಗ್ಲುಕಗಾನ್ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು ಅಪಾಯ ಇದಕ್ಕೆ ತದ್ವಿರುದ್ಧ. ಜ್ವರ, ವಾಂತಿ ಬಂದು ಮಗು ಊಟ ಬಿಟ್ಟಾಗ ‘ಉಂಡೇ ಇಲ್ಲ, ಇಂಜೆಕ್ಷನ್ ಯಾಕ?’ ಎಂದು ಮನೆಯ ಹಿರಿಯರು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಕೇಳಬೇಡಿ. ಕಾಯಿಲೆ ಬಿದ್ದಾಗ ಶುಗರ್ ಇನ್ನೂ ಏರುತ್ತದೆ. ಇನ್ಸುಲಿನ್ ಪೂರ್ತಿ ನಿಂತರೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಆಮ್ಲ ತುಂಬಿಕೊಳ್ಳುತ್ತದೆ. ಶುಗರ್ 250 ದಾಟಿದ್ದು, ಹೊಟ್ಟೆನೋವು, ವಾಂತಿ, ಜೋರು ಉಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ ಬಂದರೆ ಅದು ಕೀಟೋನ್ ಸೂಚನೆ. ಮೂತ್ರದಲ್ಲಿ ನೋಡುವ ಪಟ್ಟಿ ಔಷಧ ಅಂಗಡಿಯಲ್ಲಿ ಸಿಗುತ್ತದೆ, ಒಂದು ಡಬ್ಬಿ ಮನೆಯಲ್ಲಿರಲಿ. ವಾಂತಿ ನಿಲ್ಲದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಹಾಗೆಯೇ ಶ್ರಾವಣ ಸೋಮವಾರ ಇರಲಿ, ರಂಜಾನ್ ರೋಜಾ ಇರಲಿ, ಉಪವಾಸ ಅಂತ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಬಿಡುವಂತಿಲ್ಲ. ಉಪವಾಸ ಮಾಡಲೇಬೇಕೆಂದರೆ ಮೊದಲೇ ಡಾಕ್ಟರಲ್ಲಿ ಮಾತಾಡಿ. ‘ಈ ಬೇರು ತಗೋ, ಇಂಜೆಕ್ಷನ್ ಬಿಡಿಸ್ತೀನಿ’ ಎನ್ನುವವರ ಹತ್ತಿರವಂತೂ ಸುಳಿಯಬೇಡಿ. ಟೈಪ್ ಒನ್‌ನಲ್ಲಿ ಇನ್ಸುಲಿನ್ ಬಿಟ್ಟು ಕೆಲವೇ ದಿನದಲ್ಲಿ ಜೀವ ಹೋದವರಿದ್ದಾರೆ.

ಆ ಹತ್ತು ನಿಮಿಷ ನಿಮ್ಮದಾಗಲಿ

ಒಮ್ಮೆ ಒಂದು ಕ್ಲಿನಿಕ್ಕಿನಲ್ಲಿ ನಾನು ಮೂರು ತಿಂಗಳ ನೋಟ್‌ಬುಕ್ ಮುಂದಿಟ್ಟಾಗ ಅದನ್ನು ತೆರೆಯದೇ ಪಕ್ಕಕ್ಕೆ ಸರಿಸಿ, ‘ಇಷ್ಟೆಲ್ಲಾ ನೀವ್ಯಾಕೆ ನೋಡ್ತೀರಿ? ಹೇಳಿದ್ದು ತಗೊಳ್ರಿ ಸಾಕು’ ಅಂದರು. ಕಣ್ಣಲ್ಲಿ ನೀರು ಬಂತು. ಆಮೇಲೆ ತಿಳಿದದ್ದು, ಇಡೀ ಪುಸ್ತಕ ಓದಲು ಅವರಿಗೆ ಪುರುಸೊತ್ತಿಲ್ಲ, ಆದರೆ ಒಂದು ಹಾಳೆ ಕಣ್ಣಿಗೆ ಬಿದ್ದರೆ ಓದುತ್ತಾರೆ. ಅಂದಿನಿಂದ ನಾನು ಪಾಲಿಸುವ ಕ್ರಮ ಇದು:

* ಕಳೆದ ಎರಡು ವಾರದ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಲೋ ಆದದ್ದಕ್ಕೆ ಕೆಂಪು ಸುತ್ತು, ಹೆಚ್ಚಾದದ್ದಕ್ಕೆ ನೀಲಿ ಸುತ್ತು. ಯಾವ ಹೊತ್ತಿಗೆ ತೊಂದರೆ ಎಂದು ಕ್ಷಣದಲ್ಲಿ ಕಾಣುತ್ತದೆ.

* ಹತ್ತು ಪ್ರಶ್ನೆ ಬೇಡ, ಮೂರು ಸಾಕು. ಬಹಳ ಮುಖ್ಯವಾದದ್ದು ಮೊದಲು.

* ‘ಶುಗರ್ ಕಂಟ್ರೋಲ್ ಇಲ್ಲ ಡಾಕ್ಟ್ರೇ’ ಎನ್ನಬೇಡಿ. ‘ವಾರದಲ್ಲಿ ನಾಲ್ಕು ದಿನ ಬೆಳಗಿನ ಶುಗರ್ 220 ಇದೆ, ರಾತ್ರಿ ಮೂರಕ್ಕೆ ನೋಡಿದಾಗ 180 ಇತ್ತು, ಯಾವ ಡೋಸು ಬದಲಿಸಬೇಕು?’ ಎಂದು ಕೇಳಿ. ಇಂಥ ಪ್ರಶ್ನೆಗೆ ‘ಸಿಹಿ ಬಿಡಿ’ ಎಂಬ ಉತ್ತರ ಕೊಡಲು ಆಗುವುದಿಲ್ಲ!

* ‘ನಾನೇ ಎಷ್ಟು ಯೂನಿಟ್‌ವರೆಗೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು?’ ಎಂದು ಕೇಳಿ ಚೀಟಿಯಲ್ಲೇ ಬರೆಸಿಕೊಳ್ಳಿ. ಕಾಯಿಲೆ ಬಿದ್ದಾಗ ಏನು ಮಾಡಬೇಕು ಎಂಬುದನ್ನೂ.

* ವರ್ಷಕ್ಕೊಮ್ಮೆ ಕಣ್ಣು, ಮೂತ್ರದ ಪ್ರೋಟೀನ್, ಪಾದ, ಥೈರಾಯ್ಡ್ ಪರೀಕ್ಷೆ ಯಾವಾಗಿಂದ ಶುರು ಮಾಡಬೇಕು ಎಂದು ನೀವೇ ನೆನಪಿಸಿ.

ಇಷ್ಟಾದರೂ ಕೇಳದ ಡಾಕ್ಟರಾದರೆ? ಬದಲಿಸಿ. ಅದರಲ್ಲಿ ಸಂಕೋಚ ಬೇಡ. ವರ್ಷಕ್ಕೆ ಒಂದೆರಡು ಸಲವಾದರೂ ಎಂಡೋಕ್ರಿನಾಲಜಿಸ್ಟ್, ಮಕ್ಕಳಾದರೆ ಮಕ್ಕಳ ಹಾರ್ಮೋನು ತಜ್ಞರನ್ನು ಕಾಣಿ. ನಮ್ಮ ಕುಡಚಿ, ರಾಯಬಾಗ ಕಡೆಯವರು ಒಂದು ದಿಕ್ಕಿಗೆ ಮಿರಜ್ ರೈಲು, ಇನ್ನೊಂದು ದಿಕ್ಕಿಗೆ ಬೆಳಗಾವಿ ರೈಲು ಹಿಡಿಯುತ್ತೇವೆ. ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲಿ ಮಧುಮೇಹಕ್ಕೇ ಪ್ರತ್ಯೇಕ ಕೇಂದ್ರ ಇದೆ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಇದೆ. ಉಳಿದ ತಿಂಗಳು ಊರಿನ ಡಾಕ್ಟರೇ ಸಾಕು. ತಜ್ಞರ ಚೀಟಿ ಅವರಿಗೂ ತೋರಿಸಿ, ರಾತ್ರಿ ಹೊತ್ತು ಓಡಿ ಬರುವವರು ಅವರೇ ತಾನೇ?

ಖರ್ಚಿನ ಚಿಂತೆ ಇದ್ದವರು ಜನೌಷಧಿ ಕೇಂದ್ರದಲ್ಲಿ ನಿಮ್ಮ ಇನ್ಸುಲಿನ್ ಇದೆಯಾ ಎಂದು ವಿಚಾರಿಸಿ. ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಕೇಳಿ. ದೊಡ್ಡ ಆಸ್ಪತ್ರೆಗಳಲ್ಲಿ ಬಡ ಮಕ್ಕಳಿಗೆ ಉಚಿತ ಇನ್ಸುಲಿನ್ ಕೊಡುವ ಯೋಜನೆಗಳಿರುತ್ತವೆ. ಕೇಳದೆ ಯಾರೂ ಹೇಳುವುದಿಲ್ಲ!

ಶಾಲೆ, ಮದುವೆ, ನಾಲ್ಕು ಜನರ ಮಾತು

ಮಗುವಿನ ಶಾಲೆಯಿಂದ ಮುಚ್ಚಿಡಬೇಡಿ. ಕ್ಲಾಸ್ ಟೀಚರಿಗೆ ಒಂದು ಚೀಟಿ ಬರೆದುಕೊಡಿ: ಲೋ ಆದರೆ ಹೇಗೆ ಕಾಣುತ್ತಾಳೆ, ಏನು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು. ಪರೀಕ್ಷೆ ಹಾಲ್‌ಗೆ ತಿಂಡಿ, ಸಕ್ಕರೆ ಮಾತ್ರೆ ಒಯ್ಯಲು ಸಿಬಿಎಸ್‌ಇ 2017ರಲ್ಲೇ ಅನುಮತಿ ಕೊಟ್ಟಿದೆ. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗವೂ ಶಾಲೆಗಳಲ್ಲಿ ಈ ಮಕ್ಕಳಿಗೆ ಅನುಕೂಲ ಮಾಡಿಕೊಡಬೇಕೆಂದು ರಾಜ್ಯಗಳಿಗೆ ಬರೆದಿದೆ. ಹೆಡ್‌ಮಾಸ್ತರರ ಮುಂದೆ ಇದನ್ನು ಧೈರ್ಯವಾಗಿ ಹೇಳಿ.

ಮಕ್ಕಳಿಗೆ ತಾವೇ ಚುಚ್ಚಿಕೊಳ್ಳುವುದನ್ನು ಮೆಲ್ಲಗೆ ಕಲಿಸಿ. ಅಮೆರಿಕದ ಸೋನಿಯಾ ಸೋಟೊಮೇಯರ್‌ಗೆ ಏಳರ ಹರೆಯದಲ್ಲಿ ಟೈಪ್ ಒನ್ ಬಂತು. ಇಂಜೆಕ್ಷನ್ ಯಾರು ಕೊಡಬೇಕೆಂದು ಅಪ್ಪ ಅಮ್ಮ ಜಗಳಾಡುವುದು ನೋಡಲಾಗದೆ, ಆ ಪುಟ್ಟ ಹುಡುಗಿ ಕುರ್ಚಿ ಹತ್ತಿ ಒಲೆಯ ಮೇಲೆ ಸಿರಿಂಜು ಕುದಿಸಿ ತಾನೇ ಚುಚ್ಚಿಕೊಳ್ಳಲು ಕಲಿತಳು. 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆದಳು! ಕ್ರಿಕೆಟಿಗ ವಾಸಿಂ ಅಕ್ರಂ ಅವರಿಗೆ 1997ರಲ್ಲಿ ಈ ಕಾಯಿಲೆ ಪತ್ತೆಯಾಯಿತು. 2003ರ ವಿಶ್ವಕಪ್‌ನಲ್ಲಿ ಏಕದಿನ ಪಂದ್ಯಗಳ 500ನೇ ವಿಕೆಟ್ ತೆಗೆದರು. ಮಕ್ಕಳಿಗೆ ಇಂಥ ಕಥೆ ಹೇಳಿ.

ಇನ್ನು ಹೆಣ್ಣುಮಕ್ಕಳ ಮದುವೆ. ‘ಗಂಡಿನ ಕಡೆಯವರಿಗೆ ಹೇಳಬ್ಯಾಡ ತಂಗಿ’ ಎಂದು ಸಲಹೆ ಕೊಡುವವರು ಬೇಕಾದಷ್ಟು. ಮುಚ್ಚಿಟ್ಟು ಮದುವೆ ಆದ ಹುಡುಗಿ ಅತ್ತೆ ಮನೆಯಲ್ಲಿ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಇಂಜೆಕ್ಷನ್ ತೆಗೆದುಕೊಳ್ಳಬೇಕು, ಲೋ ಆದರೆ ಹೇಳಿಕೊಳ್ಳುವಂತಿಲ್ಲ. ಇದು ಮಾನ ಉಳಿಸುವ ದಾರಿಯಲ್ಲ, ಪ್ರಾಣ ಕಳೆಯುವ ದಾರಿ. ಹೇಳಿಯೇ ಮದುವೆ ಮಾಡಿ. ಟೈಪ್ ಒನ್ ಇದ್ದವರಿಗೂ ಆರೋಗ್ಯವಂತ ಮಕ್ಕಳಾಗುತ್ತಾರೆ. ಬಸಿರಾಗುವ ಮುಂಚೆಯೇ ಎಚ್‌ಬಿಎಒನ್‌ಸಿ 6.5ರ ಹತ್ತಿರ ತಂದುಕೊಂಡು, ತಜ್ಞರ ಕಣ್ಗಾವಲಿನಲ್ಲಿ ಇರಬೇಕು ಅಷ್ಟೇ.

ನೆನಪಿಡಿ

ನಿಮ್ಮ ಕೈಯಲ್ಲಿರುವುದು: ಅಳೆಯುವುದು, ಬರೆಯುವುದು, ಊಟದ ಲೆಕ್ಕ, ಡಾಕ್ಟರು ಬರೆದುಕೊಟ್ಟ ಮಿತಿಯೊಳಗೆ ಯೂನಿಟ್ ಹೊಂದಿಸುವುದು, ಲೋ ಆದಾಗ ತಕ್ಷಣದ ಆರೈಕೆ.

ಡಾಕ್ಟರಿಗೇ ಬಿಡಬೇಕಾದದ್ದು: ಇನ್ಸುಲಿನ್ ಬಗೆ ಬದಲಿಸುವುದು, ಬಸಿರು, ಆಪರೇಶನ್, ಕೀಟೋನ್, ಪದೇಪದೇ ಎಚ್ಚರ ತಪ್ಪುವಷ್ಟು ಲೋ ಆಗುವುದು.

ಯಾರೂ ಮಾಡಬಾರದ್ದು: ಇನ್ಸುಲಿನ್ ನಿಲ್ಲಿಸುವುದು.

ಉಪ್ಪು ಹೆಚ್ಚಾದ ಸಾರನ್ನು ಸರಿಮಾಡುವ, ಇದ್ದ ದುಡ್ಡಿನಲ್ಲಿ ತಿಂಗಳು ದಾಟಿಸುವ ನಮಗೆ ಈ ಲೆಕ್ಕ ಬರದೇ ಇರುತ್ತದೆಯೇ? ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಫೈಲಿನ ಮೇಲೆ ಒಂದು ಹಾಳೆ, ಅದರಲ್ಲಿ ಮೂರು ಪ್ರಶ್ನೆ ಇರಲಿ. ಇವತ್ತು ರಾತ್ರಿ ಊಟಕ್ಕೆ ಮುಂಚಿನ ಅಂಕಿಯಿಂದಲೇ ಬರೆಯಲು ಶುರು ಮಾಡಿ.